ನಿಮಗಿದು ಗೊತ್ತೆ? ಭಾರತ ತಂಡಕ್ಕೂ ಮೊದಲು ಕೆರಿಬಿಯನ್ ಲೀಗ್!

ದೇಶದ ಪರ ಒಂದೂ ಪಂದ್ಯ ಆಡದೆ ವಿದೇಶಿ ಲೀಗ್‌ಗೆ ಆಯ್ಕೆಯಾದ ಕನ್ನಡತಿ ಬೆಂಗಳೂರಿನ ಶ್ರೇಯಾಂಕಾ ಪಾಟೀಲ್. 2023ರಲ್ಲಿ, 21ನೇ ವಯಸ್ಸಿಗೆ, ಗಯಾನಾ ಅಮೆಜಾನ್ ವಾರಿಯರ್ಸ್ ಸೇರಿ ಮಹಿಳೆಯರ ಕೆರಿಬಿಯನ್ ಪ್ರೀಮಿಯರ್ ಲೀಗ್‌ಗೆ ಕಾಲಿಟ್ಟ ಮೊದಲ ಭಾರತೀಯ ಆಟಗಾರ್ತಿಯಾದರು. ಭಾರತ ತಂಡದಲ್ಲಿ ಅವಕಾಶ ಸಿಕ್ಕಿದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ, ಇಂಗ್ಲೆಂಡ್ ವಿರುದ್ಧ.

ಮನೆಮಾತಾದದ್ದು 2024ರ ಮಾರ್ಚ್ 17ರ ರಾತ್ರಿ. ಮಹಿಳೆಯರ ಪ್ರೀಮಿಯರ್ ಲೀಗ್ (ಡಬ್ಲ್ಯುಪಿಎಲ್) ಫೈನಲ್‌ನಲ್ಲಿ ಆರ್‌ಸಿಬಿ ಪರ ಆಡಿದ ಈ ಆಫ್ ಸ್ಪಿನ್ನರ್ 12 ರನ್‌ಗೆ 4 ವಿಕೆಟ್ ಕಿತ್ತರು, ಡೆಲ್ಲಿ ಕ್ಯಾಪಿಟಲ್ಸ್ 113ಕ್ಕೆ ಕುಸಿಯಿತು. 2008ರಿಂದ ಕಪ್ಪಿಗೆ ಕಾದಿದ್ದ ಆರ್‌ಸಿಬಿ ಅಭಿಮಾನಿಗಳಿಗೆ ಮೊದಲ ಟ್ರೋಫಿ ತಂದುಕೊಟ್ಟವರು ಹೆಣ್ಣುಮಕ್ಕಳು! ಅಂದಹಾಗೆ, ಆ ಟೂರ್ನಿಯಲ್ಲಿ ಒಟ್ಟು 13 ವಿಕೆಟ್ ಪಡೆದು, ಅತಿ ಹೆಚ್ಚು ವಿಕೆಟ್ ಕಿತ್ತವರಿಗೆ ಸಿಗುವ ನೇರಳೆ ಕ್ಯಾಪ್ ಧರಿಸಿದವರೂ ಶ್ರೇಯಾಂಕಾ ಅವರೇ.