ಲಾಂಛನವನ್ನು ಅಳಿಸುವ ಕಿಣ್ವಗಳೂ ಅವುಗಳ ಪ್ರತಿಬಂಧಕವೂ

ಉಪ್ಪಲ್ ಮಾರ್ಗವಾಗಿ ಸಂಚರಿಸುವ ನಮ್ಮ ವಾಚಕರಲ್ಲಿ ಅನೇಕರು ಅಲ್ಲಿಯ ಡಿ.ಎನ್.ಎ. ಬೆರಳಚ್ಚು ಮತ್ತು ರೋಗನಿದಾನ ಕೇಂದ್ರದ ಹೆಸರನ್ನು ಕೇಳಿಯೇ ಇರುವರು. ನ್ಯಾಯಾಲಯಗಳಿಗೆ ಸಾಕ್ಷ್ಯವನ್ನೊದಗಿಸುವ ಸಂಸ್ಥೆಯೆಂದೇ ಜನರಲ್ಲಿ ಅದರ ಪ್ರಸಿದ್ಧಿ. ಆದರೆ ಜೀವಕೋಶದ ಅಂತರಂಗ ವ್ಯಾಪಾರಗಳ ಶೋಧನೆಯೂ ಅಲ್ಲಿ ನಡೆಯುತ್ತಿದೆ. ಆ ಶೋಧನೆಯ ಒಂದು ಮುಖವನ್ನೂ, ಅಂಥ ಕೆಲಸಕ್ಕೆ ಸಾಧನವಾಗುವ ಒಂದು ರಾಸಾಯನಿಕವನ್ನೂ ಇಲ್ಲಿ ಪರಿಚಯಿಸಲಾಗಿದೆ.

ರಸ್ತೆಯನ್ನು ಅಗಲಮಾಡುವಾಗ ಪುರಸಭೆಯವರು ಕೆಡಹಬೇಕಾದ ಮನೆಗಳ ಗೋಡೆಗೆ ಗುರುತು ಹಾಕುವುದನ್ನು ನಾವೆಲ್ಲ ಬಲ್ಲೆವು. ಜೀವಕೋಶವೂ ಹೀಗೆಯೇ ತನಗೆ ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಲಾಂಛನವನ್ನು ಅಂಟಿಸುತ್ತದೆ. ಇದು 76 ಅಮೈನೋ ಆಮ್ಲಗಳ ಒಂದು ಪುಟ್ಟ ಪ್ರೋಟೀನು. ಎಲ್ಲೆಡೆ ಇರುವುದು ಎಂಬ ಅರ್ಥದಿಂದ ಬಂದ ಹೆಸರು. ಲಾಂಛನಗಳು ಸರಪಳಿಯಾಗಿ ಬೆಳೆದ ಪ್ರೋಟೀನು ಪ್ರೋಟಿಯಾಸೋಮ್ ಎಂಬ ಯಂತ್ರದಲ್ಲಿ ಸಿಕ್ಕಿ ಚೂರಾಗುತ್ತದೆ. ಈ ಕ್ರಮವನ್ನು ಕಂಡುಹಿಡಿದುದಕ್ಕಾಗಿ ಚೀಖನೋವರ್, ಹರ್ಷ್ಕೊ, ರೋಸ್ ಎಂಬ ಮೂವರಿಗೆ 2004ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಎಲ್ಲ ಗುರುತೂ ನಾಶದ ಗುರುತಲ್ಲವೆಂಬುದನ್ನು ಮರೆಯಬಾರದು. ಜನಗಣತಿಯವರೂ ಗೋಡೆಯ ಮೇಲೆ ಬರೆಯುತ್ತಾರೆ! ಸರಪಳಿಯ ಕೊಂಡಿ ಬೇರೆಯಾದರೆ ಅದರ ಅರ್ಥವೂ ಬೇರೆ, ಡಿ.ಎನ್.ಎ. ದುರಸ್ತಿಗೆ ಕರೆ ಕಳುಹುವ ಸರಪಳಿಗಳೂ ಉಂಟು.

ಹಾಕಿದ ಗುರುತನ್ನು ಅಳಿಸುವ ಕೈಗಳೂ ಇವೆ. ಮಾನವ ಕೋಶದಲ್ಲಿ ಅಂಥ ಕಿಣ್ವಗಳು ಸುಮಾರು 100. ಇವನ್ನು ಲಾಂಛನಹಾರಿ ಕಿಣ್ವಗಳೆಂದು ಕರೆಯಬಹುದೆಂದು ನನ್ನ ಸೂಚನೆ. ಇದಕ್ಕಿಂತ ಹಿತವಾದ ಪದವನ್ನು ಬಲ್ಲವರು ತಿಳಿಸಿದರೆ ಸಂತೋಷ. ಉಪ್ಪಲಿನ ಕೇಂದ್ರದಲ್ಲಿ ಮದ್ದಿಕ ಸುಬ್ಬಾರೆಡ್ಡಿಯವರೂ ಅವರ ಸಹೋದ್ಯೋಗಿಯೂ 2013ರಲ್ಲಿ ಪ್ರಕಟಿಸಿದ ಸಂಶೋಧನೆ ಇಂಥ ಒಂದು ಕಿಣ್ವವನ್ನು ಕುರಿತದ್ದು. ಯು.ಎಸ್.ಪಿ.-12 ಎಂಬ ಆ ಕಿಣ್ವ ಒಂದು ಸಹಾಯಕ ಪ್ರೋಟೀನಿನೊಡನೆ ಕೂಡಿ, ಪಿ.ಎಚ್.ಎಲ್.ಪಿ.ಪಿ.-1 ಎಂಬುದರ ಲಾಂಛನವನ್ನು ಕಳಚಿ ಅದನ್ನು ಉಳಿಸುತ್ತದೆ. ಉಳಿದುಕೊಂಡ ಅದು ಕೋಶವನ್ನು ಬದುಕಿಸಿಡುವ ಆಕ್ಟ್ ಎಂಬ ಸಂಕೇತವನ್ನು ತಗ್ಗಿಸುತ್ತದೆ. ಈ ವಿಜ್ಞಾನಿಗೆ 2022ನೆಯ ಸಾಲಿನ ಶಾಂತಿಸ್ವರೂಪ ಭಟ್ನಾಗರ್ ಪ್ರಶಸ್ತಿ ಸಂದಿತು.

ಇನ್ನು ಪ್ರತಿಬಂಧಕದ ವಿಚಾರ. ಪಿ.ಆರ್.-619 ಎಂಬುದು ಪಿರಿಡೀನ್ ಉಂಗುರಕ್ಕೆ ಎರಡು ಅಮೈನೋ ಗುಂಪುಗಳೂ ಎರಡು ಥಯೋಸಯನೇಟ್ ಗುಂಪುಗಳೂ ಸೇರಿದ ಚಿಕ್ಕ ಅಣು. ಇದರ ಗುಣಗಳ ವಿವರ 2011ರಲ್ಲಿ ಪ್ರಕಟವಾಯಿತು. ಕೋಶದೊಳಕ್ಕೆ ನುಗ್ಗಬಲ್ಲ ಈ ದ್ರವ್ಯ ಲಾಂಛನಹಾರಿಗಳಲ್ಲಿ ಅನೇಕವನ್ನು ಒಮ್ಮೆಗೇ ತಡೆಯುತ್ತದೆ. ಅವುಗಳಲ್ಲಿ ಬಹುಪಾಲಿನ ಕ್ರಿಯಾಸ್ಥಾನದಲ್ಲಿ ಸಿಸ್ಟೀನಿನ ಗಂಧಕವಿರುವುದೂ, ಥಯೋಸಯನೇಟು ಗಂಧಕದೊಡನೆ ವರ್ತಿಸಬಲ್ಲುದೂ ಇದಕ್ಕೆ ಕಾರಣವೆನ್ನಬೇಕು. ಸತುವನ್ನಾಶ್ರಯಿಸಿ ಕೆಲಸಮಾಡುವ ಒಂದು ಚಿಕ್ಕ ಕುಟುಂಬದ ರೀತಿಯೇ ಬೇರೆ.

ಪ್ರಯೋಗಶಾಲೆಗೆ ಇದರ ಪ್ರಯೋಜನವೇನು? ಕೋಶವನ್ನು ಒಡೆದ ಕೂಡಲೇ ಕಿಣ್ವಗಳು ಸುಮ್ಮನಾಗುವುದಿಲ್ಲ. ಪರೀಕ್ಷಾ ನಳಿಕೆಯಲ್ಲಿಯೂ ಗುರುತುಗಳನ್ನು ಅಳಿಸುತ್ತಲೇ ಇರುತ್ತವೆ. ಸಂಶೋಧಕನು ಅಳೆಯುವ ಹೊತ್ತಿಗೆ ಅಳೆಯಬೇಕಾದುದೇ ಮಾಯವಾಗಿರುತ್ತದೆ. ಆದುದರಿಂದ ಕೋಶವನ್ನು ಒಡೆಯುವ ದ್ರಾವಣದಲ್ಲಿಯೇ ಪ್ರತಿಬಂಧಕವನ್ನು ಬೆರೆಸುವರು. ಹಳೆಯ ಎನ್-ಈಥೈಲ್ ಮೇಲಿಯಮೈಡನ್ನೂ ಈ ಕೆಲಸಕ್ಕೆ ಬಳಸುವುದುಂಟು. ಅದೇ ದ್ರಾವಣದಲ್ಲಿ ಮರ್ಕಾಪ್ಟೋಎಥನಾಲಿನಂಥ ಗಂಧಕಯುಕ್ತ ದ್ರವ್ಯವಿದ್ದರೆ ಈಥೈಲ್ ಮೇಲಿಯಮೈಡು ಅದರೊಡನೆಯೇ ಕೂಡಿ ವ್ಯರ್ಥವಾಗುತ್ತದೆ. ಅನನುಭವಿಗಳು ಎಡವುವುದು ಇಲ್ಲಿಯೇ.

ಸಜೀವ ಕೋಶಕ್ಕೆ ಪಿ.ಆರ್.-619ನ್ನು ಕೊಟ್ಟಾಗ ಲಾಂಛನಯುಕ್ತ ಪ್ರೋಟೀನುಗಳು ರಾಶಿಗೂಡುತ್ತವೆ. ಇಲ್ಲಿ ವಿವೇಚನೆ ಅವಶ್ಯ. ಅಳಿಸುವ ಕೈಗಳನ್ನೆಲ್ಲ ಕಟ್ಟಿಹಾಕಿದರೆ ಗೋಡೆಗಳು ಗುರುತುಗಳಿಂದ ತುಂಬುವುದು ಸಹಜ; ಯಾವ ಕೈ ಯಾವ ಮನೆಯನ್ನು ಕಾಯುತ್ತಿತ್ತೆಂಬುದು ಅದರಿಂದ ತಿಳಿಯದು. ಕೋಶದ ಬಾಳಿಕೆಗೆ ಕಡಿವಾಣ ಹಾಕುವ ಕಿಣ್ವಗಳೂ ಅದನ್ನು ಪೋಷಿಸುವ ಕಿಣ್ವಗಳೂ ಏಕಕಾಲದಲ್ಲಿ ತಡೆಯಲ್ಪಡಬಹುದು. ಹೀಗಿರುವಾಗ ಕೋಶ ಸತ್ತಿತೆಂದ ಮಾತ್ರಕ್ಕೆ ಅರ್ಬುದರೋಗಕ್ಕೆ ಔಷಧ ಸಿಕ್ಕಿತೆಂದು ಸಾರುವುದು ದುಡುಕು. ಇದು ಶೋಧನೆಯ ಉಪಕರಣವೇ ಹೊರತು ಮದ್ದಲ್ಲ. ಇದರಿಂದ ಸುಳಿವು ದೊರೆತ ಮೇಲೆ, ಶಂಕಿತ ಕಿಣ್ವಗಳ ಜೀನುಗಳನ್ನು ಒಂದೊಂದಾಗಿ ಮೌನಗೊಳಿಸಿ ಅದೇ ಪರಿಣಾಮ ಮರುಕಳಿಸುವುದೇ ಎಂದು ನೋಡಬೇಕಾಗುತ್ತದೆ. ತಿಂಗಳುಗಟ್ಟಲೆ ಹಿಡಿಯುವ ಕೆಲಸ ಅದು.