ಎಷ್ಟರಲ್ಲಿ ಎಷ್ಟು?

ಪರೀಕ್ಷೆಯ ದಿನಗಳು ಸಮೀಪಿಸಿದಂತೆಲ್ಲ ಗಣಿತ ಪುಸ್ತಕದಲ್ಲಿ ಓದದೆ ಉಳಿದ ಅಧ್ಯಾಯಗಳತ್ತ ವಿದ್ಯಾರ್ಥಿಗಳ ದೃಷ್ಟಿ ಹರಿಯುತ್ತದೆ. ಹಾಗೆ ಉಳಿದುವುಗಳಲ್ಲಿ ಸಂಖ್ಯಾಶಾಸ್ತ್ರವೂ ಸಂಭವನೀಯತೆಯೂ ಇದ್ದೇ ಇರುತ್ತವೆ. ಸೂತ್ರಗಳು ಕೆಲವೇ; ಲೆಕ್ಕವೋ ಕೂಡಿ ಭಾಗಿಸುವ ಮಟ್ಟದ್ದು; ಒಂದು ಸಂಜೆಗೆ ಮುಗಿಸಿದರಾಯಿತೆಂದು ಮುಂದೂಡಿದವರೇ ಹೆಚ್ಚು. ಆದರೆ ತ್ರಿಕೋನಮಿತಿಯಲ್ಲಿ ಎಂದೂ ತಪ್ಪದ ಜಾಣರು ಸಹ ಇಲ್ಲಿ ಎಡವುವುದುಂಟು. ಎಡವಿದೆವೆಂಬುದು ಅವರಿಗೆ ಗೊತ್ತಾಗುವುದೂ ಇಲ್ಲ. ಏಕೆಂದರೆ ತಪ್ಪು ಉತ್ತರವೂ ನೋಡುವುದಕ್ಕೆ ಸೊಗಸಾಗಿಯೇ ಇರುತ್ತದೆ.

ಒಂದು ಸರಳವಾದ ಪ್ರಶ್ನೆಯಿಂದ ಆರಂಭಿಸೋಣ. ನಾಣ್ಯವೊಂದನ್ನು ಎರಡು ಬಾರಿ ಚಿಮ್ಮುತ್ತೇವೆ. ಒಮ್ಮೆಯಾದರೂ ಶಿರ ಬೀಳುವ ಸಂಭವನೀಯತೆ ಎಷ್ಟು? ಮುಂದೆ ಓದುವ ಮೊದಲು ವಾಚಕರು ತಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಲಿ.

ನಿಮ್ಮ ಉತ್ತರ 2/3 ಎಂದಾಗಿದ್ದರೆ ನಾಚಿಕೊಳ್ಳಬೇಕಾದುದಿಲ್ಲ. ಫ್ರಾನ್ಸಿನ ಮಹಾಗಣಿತಜ್ಞ ಡಾಲಂಬೇರ್ 1754ರಲ್ಲಿ, ಆ ಕಾಲದ ಪ್ರಸಿದ್ಧ ವಿಶ್ವಕೋಶದಲ್ಲಿ, ಇದೇ ಉತ್ತರವನ್ನು ಮಂಡಿಸಿದ್ದನು. ಅವನ ವಾದ ಹೀಗೆ: ಮೊದಲ ಚಿಮ್ಮಿನಲ್ಲಿಯೇ ಶಿರ ಬಿದ್ದರೆ ಆಟ ಅಲ್ಲಿಗೇ ಮುಗಿಯಿತು. ಇಲ್ಲವಾದರೆ ಪುಚ್ಛ ಬಿದ್ದು ಅನಂತರ ಶಿರ ಬೀಳಬಹುದು, ಅಥವಾ ಎರಡು ಸಲವೂ ಪುಚ್ಛವೇ ಬೀಳಬಹುದು. ಒಟ್ಟು ಮೂರು ಬಗೆ. ಅವುಗಳಲ್ಲಿ ಎರಡು ನಮಗೆ ಅನುಕೂಲ. ಆದುದರಿಂದ 2/3.

ವಾದ ಎಷ್ಟು ಅಚ್ಚುಕಟ್ಟಾಗಿದೆ! ಆದರೆ ಈ ಮೂರು ಬಗೆಗಳ ತೂಕ ಒಂದೇ ಅಲ್ಲ. ‘ಮೊದಲೇ ಶಿರ’ ಎಂಬ ಒಂದು ಬಗೆಯ ಹೊಟ್ಟೆಯಲ್ಲಿ ಎರಡು ಫಲಿತಾಂಶಗಳು ಅಡಗಿವೆ: ಶಿರ–ಶಿರ ಮತ್ತು ಶಿರ–ಪುಚ್ಛ. ಪುಚ್ಛ–ಶಿರ, ಪುಚ್ಛ–ಪುಚ್ಛ ಸೇರಿದರೆ ಸಮಾನವಾಗಿ ಸಂಭವಿಸಬಲ್ಲ ಫಲಿತಾಂಶಗಳು ನಾಲ್ಕು. ಅವುಗಳಲ್ಲಿ ಮೂರರಲ್ಲಿ ಶಿರವಿದೆ. ಉತ್ತರ 3/4.

ಸಂಭವನೀಯತೆಯೆಂಬುದು ಒಂದು ಭಿನ್ನರಾಶಿ. ಅದರ ಅಂಶವನ್ನು ಕುರಿತು ಎಲ್ಲರೂ ಚಿಂತಿಸುತ್ತಾರೆ. ಛೇದವನ್ನು ಕುರಿತು ಚಿಂತಿಸುವವರು ವಿರಳ. ‘ಸಮಾನವಾಗಿ ಸಂಭವಿಸಬಲ್ಲ’ ಎಂಬ ಎರಡು ಪದಗಳನ್ನು ಪಠ್ಯಪುಸ್ತಕ ತಪ್ಪದೆ ಅಚ್ಚುಮಾಡಿರುತ್ತದೆ. ಸೂತ್ರವನ್ನು ಕಂಠಪಾಠ ಮಾಡುವಾಗ ಮೊದಲು ಉದುರಿಹೋಗುವುವು ಆ ಪದಗಳೇ. ಹೀಗಾಗಿ ‘ಎಷ್ಟು?’ ಎಂದು ಕೇಳುವ ಮೊದಲು ‘ಎಷ್ಟರಲ್ಲಿ?’ ಎಂದು ಕೇಳಿಕೊಂಡವನ ಅರ್ಧ ಲೆಕ್ಕ ಆದಂತೆಯೇ.

ದಾಳಗಳ ವಿಷಯದಲ್ಲಿಯೂ ಇದೇ ಕಥೆ. ಹದಿನೇಳನೆಯ ಶತಮಾನದ ಆದಿಯಲ್ಲಿ ಗೆಲಿಲಿಯೊನ ಮುಂದೆ ಒಂದು ಸಮಸ್ಯೆ ಬಂದಿತು. ಮೂರು ದಾಳಗಳನ್ನು ಉರುಳಿಸಿದಾಗ ಮೊತ್ತ 9 ಆಗುವುದಕ್ಕೆ ಆರು ಬಗೆಗಳಿವೆ: 1-2-6, 1-3-5, 1-4-4, 2-2-5, 2-3-4, 3-3-3. ಮೊತ್ತ 10 ಆಗುವುದಕ್ಕೂ ಆರೇ ಬಗೆ: 1-3-6, 1-4-5, 2-2-6, 2-3-5, 2-4-4, 3-3-4. ಹಾಗಿದ್ದರೂ 10 ಸ್ವಲ್ಪ ಹೆಚ್ಚಾಗಿ ಬೀಳುತ್ತದೆಂದು ಬಹುಕಾಲ ಆಡಿ ಪಳಗಿದ ಜೂಜುಗಾರರು ಹೇಳುತ್ತಿದ್ದರು. ಏಕೆ?

ದಾಳಗಳಿಗೆ ಕೆಂಪು, ಹಸಿರು, ನೀಲಿ ಬಣ್ಣ ಬಳಿದಿದ್ದೇವೆಂದು ಭಾವಿಸಿರಿ. ಆಗ 1-2-6 ಎಂಬುದು ಒಂದಲ್ಲ. ಯಾವ ಬಣ್ಣದ ಮೇಲೆ ಯಾವ ಅಂಕಿ ಎಂಬುದನ್ನನುಸರಿಸಿ ಅದು ಆರು ರೀತಿಯಲ್ಲಿ ಬೀಳಬಲ್ಲದು. ಎರಡು ಅಂಕಿಗಳು ಒಂದೇ ಆಗಿರುವ 1-4-4 ಮೂರು ರೀತಿಯಲ್ಲಿ, 3-3-3 ಒಂದೇ ರೀತಿಯಲ್ಲಿ. ಕೂಡಿಸಿದರೆ 9ಕ್ಕೆ 6+6+3+3+6+1, ಅಂದರೆ 25. 10ಕ್ಕೆ 6+6+3+6+3+3, ಅಂದರೆ 27. ಒಟ್ಟು ಫಲಿತಾಂಶಗಳು 6×6×6, ಅಂದರೆ 216. ವ್ಯತ್ಯಾಸ 216ರಲ್ಲಿ ಎರಡು ಮಾತ್ರ. ನೂರಕ್ಕೆ ಒಂದೂ ಇಲ್ಲ. ಅಷ್ಟನ್ನು ಬರಿಯ ಅನುಭವದಿಂದ ಗುರುತಿಸಬೇಕಾದರೆ ಅವರು ಎಷ್ಟು ರಾತ್ರಿಗಳನ್ನು ಆ ಹಲಗೆಯ ಮುಂದೆ ಕಳೆದಿರಬೇಕು!

ನಿಮ್ಮ ಪರೀಕ್ಷೆಯಲ್ಲಿ ಮೂರು ದಾಳ ಬರುವುದು ಅಪರೂಪ, ಎರಡು ಬರುವುದುಂಟು. ಉತ್ತರಪತ್ರಿಕೆಯ ಅಂಚಿನಲ್ಲಿ ಆರು ಅಡ್ಡ ಸಾಲು, ಆರು ಉದ್ದ ಸಾಲಿನ ಚೌಕವೊಂದನ್ನು ಬರೆದು 36 ಮನೆಗಳಲ್ಲಿಯೂ ಮೊತ್ತವನ್ನು ತುಂಬಿರಿ. ಒಂದೂವರೆ ನಿಮಿಷದ ಕೆಲಸ. ಮೊತ್ತ 7 ಆಗುವ ಆರು ಮನೆಗಳು ಓರೆಗೆರೆಯಾಗಿ ತಾವೇ ಕಣ್ಣಿಗೆ ಬೀಳುತ್ತವೆ.

‘ಕನಿಷ್ಠ ಒಮ್ಮೆ’ ಎಂಬ ಮಾತು ಕಂಡಲ್ಲಿ ಇನ್ನೊಂದು ಹಳ್ಳವಿದೆ. ಒಂದು ದಾಳವನ್ನು ನಾಲ್ಕು ಸಲ ಉರುಳಿಸಿದರೆ ಒಮ್ಮೆಯಾದರೂ 6 ಬೀಳುವ ಸಂಭವನೀಯತೆ ಎಷ್ಟು? 1/6ನ್ನು ನಾಲ್ಕು ಸಲ ಕೂಡಿಸಿ 4/6 ಎನ್ನುವವರಿದ್ದಾರೆ. ಹಾಗೆಯೇ ಆರು ಸಲ ಕೂಡಿಸಿದರೆ 1 ಬರುತ್ತದೆ, ಅಂದರೆ ಆರು ಸಲ ಉರುಳಿಸಿದರೆ 6 ಬಿದ್ದೇ ಬೀಳಬೇಕು! ಚೌಕಾಬಾರ ಆಡುವಾಗ ಬೇಕಾದ ಗರಕ್ಕಾಗಿ ಕಾದು ಕುಳಿತವರಾರೂ ಇಂಥದನ್ನು ಒಪ್ಪಲಾರರು. ಇಲ್ಲಿ ಎದುರು ಪಕ್ಷವನ್ನು ಹಿಡಿಯಬೇಕು. ಒಮ್ಮೆಯೂ 6 ಬೀಳದಿರುವ ಸಂಭವನೀಯತೆ 5/6ರ ನಾಲ್ಕನೆಯ ಘಾತ, ಅಂದರೆ 625/1296. ಅದನ್ನು 1ರಿಂದ ಕಳೆದರೆ 671/1296. ಅರ್ಧಕ್ಕಿಂತ ತುಸು ಹೆಚ್ಚು. ಪಾಸ್ಕಲನು 1654ರಲ್ಲಿ ಫೆರ್ಮಾನಿಗೆ ಬರೆದ ಪತ್ರವೊಂದರಲ್ಲಿ ಈ 671 ಮತ್ತು 625ರ ಪ್ರಸ್ತಾಪವಿದೆ. ಆ ವರ್ಷದ ಅವರಿಬ್ಬರ ಪತ್ರವ್ಯವಹಾರವನ್ನೇ ಈ ಶಾಸ್ತ್ರದ ಜನನವೆಂದು ಭಾವಿಸುವುದು ವಾಡಿಕೆ.

ಇನ್ನು ಚೀಲದ ಚೆಂಡುಗಳು. ಐದು ಕೆಂಪು, ಮೂರು ನೀಲಿ. ಎರಡನ್ನು ಒಂದಾದ ಮೇಲೊಂದು ತೆಗೆದರೆ ಎರಡೂ ಕೆಂಪಾಗಿರುವ ಸಂಭವನೀಯತೆ ಎಷ್ಟು? ಮೊದಲನೆಯದನ್ನು ಮರಳಿ ಚೀಲಕ್ಕೆ ಹಾಕಿದ್ದರೆ 5/8×5/8, ಅಂದರೆ 25/64. ಹಾಕದಿದ್ದರೆ ಎರಡನೆಯ ಸಲ ಚೀಲದಲ್ಲಿರುವುದು ಏಳೇ ಚೆಂಡು, ಕೆಂಪು ನಾಲ್ಕೇ: 5/8×4/7, ಅಂದರೆ 5/14. ಪ್ರಶ್ನೆಯಲ್ಲಿ ‘ಮರಳಿ ಹಾಕದೆ’ ಎಂಬ ಮಾತು ಸದ್ದಿಲ್ಲದೆ ಒಂದು ಮೂಲೆಯಲ್ಲಿ ಕುಳಿತಿರುತ್ತದೆ. ಪೆನ್ಸಿಲಿನಿಂದ ಅದರ ಕೆಳಗೆ ಗೆರೆ ಎಳೆಯಿರಿ. ಒಂದು ಘಟನೆ ಮತ್ತೊಂದರ ಮೇಲೆ ಪ್ರಭಾವ ಬೀರದಿದ್ದಾಗ ಮಾತ್ರ ಮೊದಲಿನ ಭಿನ್ನರಾಶಿಯನ್ನೇ ಮತ್ತೆ ಗುಣಿಸುವುದಕ್ಕೆ ನಮಗೆ ಅಧಿಕಾರವುಂಟು.

ಎರಡು ಅಂಕಗಳ ಮಾತಿಗೆ ಇಷ್ಟೊಂದು ಎಚ್ಚರಿಕೆಯೇ ಎನ್ನುವಿರಾ? ಇಂಗ್ಲೆಂಡಿನ ಒಂದು ಮೊಕದ್ದಮೆಯನ್ನು ಕೇಳಿರಿ. ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಎರಡು ಹಸುಗೂಸುಗಳು, ಒಂದು 1996ರಲ್ಲಿ ಮತ್ತೊಂದು 1998ರಲ್ಲಿ, ಹಠಾತ್ತಾಗಿ ಮರಣ ಹೊಂದಿದುವು. ತಾಯಿಯೇ ಕೊಂದಳೆಂದು ಆರೋಪ ಬಂದಿತು. ಅಂಥ ಕುಟುಂಬದಲ್ಲಿ ಒಂದು ಕೂಸು ಕಾರಣ ತಿಳಿಯದೆ ಸಾಯುವುದು 8,543ರಲ್ಲಿ ಒಂದು ಸಲವೆಂದೂ, ಎರಡು ಕೂಸುಗಳು ಸಾಯುವುದು ಸುಮಾರು 7 ಕೋಟಿ 30 ಲಕ್ಷದಲ್ಲಿ ಒಂದು ಸಲವೆಂದೂ ವೈದ್ಯತಜ್ಞರೊಬ್ಬರು ಸಾಕ್ಷ್ಯ ನುಡಿದರು. 8,543ನ್ನು ಅದರಿಂದಲೇ ಗುಣಿಸಿ ಪಡೆದ ಸಂಖ್ಯೆ ಅದು. ಆದರೆ ಒಂದೇ ಮನೆ, ಒಂದೇ ರಕ್ತ. ಮೊದಲ ಕೂಸಿಗೆ ಬಂದ ಗುಪ್ತದೋಷ ಎರಡನೆಯದಕ್ಕೂ ಬಂದಿರಬಹುದಲ್ಲವೆ? ಹಾಗೆ ಗುಣಿಸುವ ಅಧಿಕಾರ ಅಲ್ಲಿ ಇರಲೇ ಇಲ್ಲ.

ಇನ್ನೊಂದು ದೋಷ ಛೇದದ್ದು. ನಿರಪರಾಧಿಯ ಮನೆಯಲ್ಲಿ ಇಂಥ ಎರಡು ಮರಣಗಳಾಗುವ ಸಂಭವನೀಯತೆ ಬೇರೆ. ಎರಡು ಮರಣಗಳಾದ ಮನೆಯ ತಾಯಿ ನಿರಪರಾಧಿಯಾಗಿರುವ ಸಂಭವನೀಯತೆ ಬೇರೆ. ತಾಯಿಯೊಬ್ಬಳು ಎರಡು ಕೂಸುಗಳನ್ನು ಕೊಲ್ಲುವುದೂ ಅತ್ಯಂತ ಅಪರೂಪವೇ. ಎರಡು ಅಪರೂಪಗಳನ್ನು ತೂಗಿ ನೋಡಬೇಕಾಗಿದ್ದಿತು. 1999ರಲ್ಲಿ ಆಕೆಗೆ ಜೀವಾವಧಿ ಶಿಕ್ಷೆಯಾಯಿತು. ಸಂಖ್ಯೆಗಳ ಈ ದುರ್ಬಳಕೆಯ ವಿರುದ್ಧ ಇಂಗ್ಲೆಂಡಿನ ರಾಯಲ್ ಸ್ಟಾಟಿಸ್ಟಿಕಲ್ ಸೊಸೈಟಿ 2001ರಲ್ಲಿ ಬಹಿರಂಗ ಹೇಳಿಕೆ ನೀಡಿತು. ಎರಡನೆಯ ಕೂಸಿಗೆ ರೋಗಾಣುಗಳ ಸೋಂಕಿದ್ದುದನ್ನು ತೋರಿಸುವ ವರದಿಯೂ ಮೊದಲ ವಿಚಾರಣೆಯಲ್ಲಿ ಬೆಳಕಿಗೆ ಬಂದಿರಲಿಲ್ಲ. 2003ರಲ್ಲಿ ಆಕೆಯ ಬಿಡುಗಡೆಯಾಯಿತು. ನಾಲ್ಕು ವರ್ಷಗಳ ಅನಂತರ ಆಕೆ ತೀರಿಕೊಂಡಳು.

ದತ್ತಾಂಶಗಳ ಪ್ರಶ್ನೆಗಳಿಗೂ ಅದೇ ಮದ್ದು. 40 ವಿದ್ಯಾರ್ಥಿಗಳ ತರಗತಿಯ ಸರಾಸರಿ 60 ಅಂಕ, 10 ವಿದ್ಯಾರ್ಥಿಗಳ ತರಗತಿಯ ಸರಾಸರಿ 80. ಒಟ್ಟಿನ ಸರಾಸರಿ 70 ಅಲ್ಲ: 2400 ಮತ್ತು 800 ಸೇರಿ 3200, 50ರಿಂದ ಭಾಗಿಸಿದರೆ 64. ಇನ್ನು ಐವರ ತಿಂಗಳ ಸಂಬಳ ಸಾವಿರ ರೂಪಾಯಿಗಳಲ್ಲಿ 11, 58, 9, 12, 10 ಎಂದಿರಲಿ. ಸರಾಸರಿ 20. ಆದರೆ ಐವರಲ್ಲಿ ನಾಲ್ವರಿಗೆ ಅದರ ಹತ್ತಿರವೂ ಇಲ್ಲ. ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಆರಿಸಿದರೆ ಮಧ್ಯಾಂಕ 11. ಜೋಡಿಸದೆ ನಡುವಿನದನ್ನು ಎತ್ತಿಕೊಂಡು 9 ಎಂದು ಬರೆದು ಬರುವವರ ಸಂಖ್ಯೆ ಸಣ್ಣದೇನೂ ಅಲ್ಲ. ಸಂಚಿತ ಆವೃತ್ತಿಯ ಕೊನೆಯ ಸಂಖ್ಯೆ ಒಟ್ಟು ಆವೃತ್ತಿಗೆ ಸಮವಾಗಿದೆಯೇ, ಸರಾಸರಿ ಅತಿ ಕಡಿಮೆಯ ಮತ್ತು ಅತಿ ಹೆಚ್ಚಿನ ಬೆಲೆಗಳ ನಡುವೆ ಇದೆಯೇ, ಸಂಭವನೀಯತೆ 1ನ್ನು ಮೀರಿಲ್ಲವಷ್ಟೆ ಎಂದು ಕೊನೆಯಲ್ಲೊಮ್ಮೆ ಕಣ್ಣಾಡಿಸಿದರೆ ಉಳಿದ ತಪ್ಪುಗಳಲ್ಲಿ ಹೆಚ್ಚಿನವು ಸಿಕ್ಕಿಬೀಳುತ್ತವೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಇದು ಫ್ರಾನ್ಸಿಸ್ ಗಾಲ್ಟನ್ 1894ರಲ್ಲಿ ಮುಂದಿಟ್ಟ ಒಗಟು. ಮೂರು ನಾಣ್ಯಗಳನ್ನು ಚಿಮ್ಮಿದರೆ ಅವುಗಳಲ್ಲಿ ಎರಡಾದರೂ ಒಂದೇ ಮುಖವಾಗಿ ಬೀಳಲೇಬೇಕು. ಉಳಿದ ಮೂರನೆಯದು ಅವುಗಳಂತೆ ಬೀಳುವುದಕ್ಕೂ ಬೀಳದಿರುವುದಕ್ಕೂ ಸಮಾನ ಅವಕಾಶ. ಆದುದರಿಂದ ಮೂರೂ ಒಂದೇ ಮುಖವಾಗಿ ಬೀಳುವ ಸಂಭವನೀಯತೆ 1/2. ಈ ವಾದದಲ್ಲಿ ತಪ್ಪು ಎಲ್ಲಿದೆ? ಎಂಟು ಫಲಿತಾಂಶಗಳನ್ನೂ ಒಂದರ ಕೆಳಗೊಂದು ಬರೆಯಿರಿ. ‘ಉಳಿದ ಮೂರನೆಯದು’ ಯಾವ ನಾಣ್ಯವೆಂದು ಪ್ರತಿಯೊಂದು ಸಾಲಿನಲ್ಲಿಯೂ ಬೆರಳಿಟ್ಟು ತೋರಿಸಲು ಪ್ರಯತ್ನಿಸಿರಿ.