ಶಬ್ದವೆಂಬ ಕಾಣದ ಕೈ

ಕಿವಿಗಷ್ಟೇ ಗೋಚರವೆಂದು ನಾವು ತಿಳಿದಿರುವ ಶಬ್ದವು ವಸ್ತುಗಳನ್ನು ಚಲಿಸಲೂ ಬಲ್ಲುದು. 1866ರಲ್ಲಿ ಜರ್ಮನಿಯ ವಿಜ್ಞಾನಿ ಆಗಸ್ಟ್ ಕುಂಟ್ ಗಾಜಿನ ಕೊಳವೆಯೊಳಗೆ ಶಬ್ದವನ್ನು ಹಾಯಿಸಿದಾಗ, ಅದರಲ್ಲಿದ್ದ ನುಣುಪಾದ ಪುಡಿಯು ಸಮಾನ ಅಂತರಗಳಲ್ಲಿ ಗುಂಪುಗೂಡಿತು.

ಎದುರುಬದುರಾಗಿ ಬರುವ ಅಲೆಗಳು ಕೂಡಿದಾಗ ಸ್ಥಿರ ತರಂಗವು ಏರ್ಪಡುತ್ತದೆ. ಅದರಲ್ಲಿ ಗಾಳಿಯ ಒತ್ತಡವು ಏರಿಳಿಯದ ತಾಣಗಳಿರುತ್ತವೆ. ಸೆಕೆಂಡಿಗೆ 40,000 ಕಂಪನಗಳುಳ್ಳ, ನಮಗೆ ಕೇಳಿಸದ ಶಬ್ದದಲ್ಲಿ ಈ ತಾಣಗಳ ನಡುವಣ ಅಂತರ ಸುಮಾರು 4 ಮಿಲಿಮೀಟರು. ಅದಕ್ಕಿಂತ ಚಿಕ್ಕದಾದ ಹನಿಯನ್ನು ಪ್ರಬಲವಾದ ಅಲೆಗಳು ತಾಣದ ಬಳಿ ತೇಲಿಸಿ ನಿಲ್ಲಿಸುತ್ತವೆ. ಅಲೆಗಳ ಹೊಂದಿಕೆಯನ್ನು ಬದಲಿಸಿದರೆ ತಾಣವೂ ಹನಿಯೂ ಜೊತೆಯಾಗಿ ಸರಿಯುತ್ತವೆ.

ಕೆಲವು ಔಷಧಗಳು ಹರಳುಗಟ್ಟಿದರೆ ದೇಹದಲ್ಲಿ ಸುಲಭವಾಗಿ ಕರಗವು. ಪಾತ್ರೆಯ ಗೋಡೆಯ ಸೋಂಕೇ ಹರಳಿಗೆ ಆಸರೆಯಾಗಬಹುದು. ಆದುದರಿಂದ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ವಿಜ್ಞಾನಿಗಳು ಔಷಧದ ಹನಿಗಳನ್ನು ಶಬ್ದದಿಂದ ತೇಲಿಸಿ, ಹರಳಾಗದಂತೆ ಗಟ್ಟಿಗೊಳಿಸಿ, 2011ರಲ್ಲಿ ಅದನ್ನು ಪ್ರಕಟಿಸಿದರು. ಪಾತ್ರೆಯಿಂದಾಗದ ಕಾರ್ಯ ಶಬ್ದದಿಂದಾಯಿತು.